ಮೆಕ್ಕೆಜೋಳದ ಹೊಲದಲ್ಲಿ ನನ್ನ ಮಾನ ಕಾಯ್ದ ಚೌಡಮ್ಮ

ಕಳೆದ ಭಾದ್ರಪದದಲ್ಲಿ ನನ್ನನ್ನು ನಾಲ್ಕು ಜನರೆದುರು ಸುಳ್ಳುಬುರುಕಿ ಅಂದರು. ನೆನೆದರೆ ಈಗಲೂ ಮೈ ಉರಿಯುತ್ತದೆ. ತಾಯಿಯ ಭಕ್ತರೇ, ಮಾತು ಸ್ವಲ್ಪ ಬಿರುಸಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಹೊನ್ನಾಳಿ ಸಮೀಪದ ಗೋವಿನಕೋವಿಯವಳು. ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಾ ಮೊಬೈಲ್ ಸಿಗ್ನಲ್ ಬಗ್ಗೆ ಪಿಎಚ್.ಡಿ. ಮಾಡುತ್ತಿದ್ದೇನೆ. ಈ ವಿಷಯ ಪುಸ್ತಕದಿಂದ ಆರಿಸಿಕೊಂಡದ್ದಲ್ಲ. ಒಂದು ಮಳೆಗಾಲ, ನಮ್ಮ ಹೊಲದ ಮೆಕ್ಕೆಜೋಳದ ಸಾಲಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ನನ್ನ ಅವ್ವನಿಗೆ ಹಾವು ಕಚ್ಚಿತು. ಜೊತೆಗಿದ್ದ ಚಿಕ್ಕಮ್ಮ ಎಷ್ಟು ಒತ್ತಿದರೂ ಫೋನ್ ಹೋಗಲಿಲ್ಲ. ರಸ್ತೆಯವರೆಗೆ ಹೊತ್ತು ತಂದು, ಸಿಕ್ಕ ಬಸ್ಸಿನಲ್ಲೇ ಹೊನ್ನಾಳಿ ಆಸ್ಪತ್ರೆಗೆ ಸೇರಿಸಿದರು. ಪುಣ್ಯಕ್ಕೆ ಬದುಕಿದಳು. ಬೇಸಿಗೆಯಲ್ಲಿ ಅದೇ ಹೊಲದಲ್ಲಿ ಫೋನ್ ಚೆನ್ನಾಗಿ ಸಿಗುತ್ತದೆ. ಜೋಳ ಆಳೆತ್ತರ ಬೆಳೆದರೆ ಹಸಿ ಎಲೆಗಳು ಸಿಗ್ನಲ್ಲನ್ನು ನುಂಗಿಬಿಡುತ್ತವೆ. ಎಷ್ಟು ನುಂಗುತ್ತವೆ ಎಂದು ಅಳೆದು ಬರೆದೆ.

ಪಿಎಚ್.ಡಿ. ಪ್ರಗತಿ ಪರಿಶೀಲಿಸುವ ಸಮಿತಿಯ ಅಧ್ಯಕ್ಷರು ನನ್ನ ಗ್ರಾಫ್ ನೋಡಿ ನಕ್ಕರು. "ಬೇಸಿಗೇಲಿ ಬರೋ ಸಿಗ್ನಲ್ ಮಳೆಗಾಲದಲ್ಲಿ ಮಾಯ ಆಗುತ್ತೇನಮ್ಮ? ಮನೇಲಿ ಕೂತು ಅಂಕಿ ಬರೆದಿದ್ದೀರಿ. ತಪ್ಪು ಅಂತ ಬರೆದುಕೊಟ್ಟು ಬೇರೆ ವಿಷಯ ತಗೊಳ್ಳಿ. ಇಲ್ಲಾಂದ್ರೆ ನೋಂದಣಿ ರದ್ದು." ಏಸಿ ರೂಮು ಬಿಟ್ಟು ಹೊರಗೆ ಕಾಲಿಡದವರು ಹೇಳುವ ಮಾತೇ ಇದು?

ಊರಿಗೆ ಬಂದವಳೇ ಚೌಡಮ್ಮನ ಗುಡಿಗೆ ಹೋದೆ. ಸೋತುಹೋಗಿದ್ದೆ. "ಬರೆದುಕೊಟ್ಟು ಮುಗಿಸಿಬಿಡ್ತೀನಿ ತಾಯಿ. ಹೂಂ ಅನ್ನೋದಾದ್ರೆ ಬಲಗಡೆ ಹೂ ಕೊಡು, ಬ್ಯಾಡ ಅಂದ್ರೆ ಎಡಗಡೆ" ಎಂದು ಕೇಳಿದೆ. ಹೂ ಎಡಗಡೆ ಬಿತ್ತು. ಸಿಟ್ಟು ನೆತ್ತಿಗೇರಿತು. "ಅವರೂ ಬಿಡಲ್ಲ, ನೀನೂ ಬಿಡಲ್ಲ, ನಾನೆಲ್ಲಿಗೆ ಹೋಗಲಿ?" ಎಂದು ಗರ್ಭಗುಡಿಯ ಮುಂದೆಯೇ ಕೂಗಾಡಿ ಅತ್ತೆ.

ಜೊತೆಗೆ ಬಂದಿದ್ದ ಅವ್ವ ರಟ್ಟೆ ಹಿಡಿದು ಎಬ್ಬಿಸಿದಳು. "ಚೌಡಮ್ಮ ಬ್ಯಾಡ ಅಂದಾಯ್ತಲ್ಲ. ಮಾಡದ ತಪ್ಪು ಒಪ್ಕಳಾಕೆ ಹೋಗಬ್ಯಾಡ. ಅವರನ್ನೇ ಇಲ್ಲಿಗೆ ಬರಾಕೆ ಹೇಳು, ಹೊಲ ಇಲ್ಲೇ ಐತೆ."

ಹೇಳಿದೆ. ಕಳ್ಳಿಯನ್ನು ಹಿಡಿದುಕೊಡುವ ಉಮೇದಿನಲ್ಲಿ ಅಧ್ಯಕ್ಷರು ಬಂದೇಬಿಟ್ಟರು. ಬದುವಿನ ಮೇಲೆ ಸಿಗ್ನಲ್ ಅಳೆಯುವ ಮೀಟರ್ ಹಿಡಿದೆ, ಸಿಗ್ನಲ್ ಇತ್ತು. ಸಾಲಿನೊಳಗೆ ಹಿಡಿದೆ, ಕುಸಿಯಿತು. "ನಿಮ್ಮ ಮೀಟರ್ ನಾನು ನಂಬಲ್ಲ" ಎಂದು ತಮ್ಮ ಮೊಬೈಲ್ ಹಿಡಿದು ಒಬ್ಬರೇ ಜೋಳದೊಳಗೆ ನುಗ್ಗಿದರು. ಹೋದವರು ಬರಲೇ ಇಲ್ಲ. ಫೋನ್ ಮಾಡಿದರೆ ವ್ಯಾಪ್ತಿ ಪ್ರದೇಶದ ಹೊರಗೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ, "ಯಾರಾದ್ರೂ ಇದ್ದೀರಾ? ದಾರಿ ಯಾವ ಕಡೆ?" ಎಂಬ ಕೂಗು.

"ಇತ್ಲಾಗೆ ಬರ್ರಿ ಸಾಹೇಬ್ರೆ, ಹೆದರಬ್ಯಾಡ್ರಿ!" ಎಂದು ಅವ್ವ ಗಂಟಲು ಹರಿಯುವಂತೆ ಕೂಗಿದಳು.

ಮುಖದ ತುಂಬ ಎಲೆ ಗೀರಿದ ಗುರುತು, ಮೈಯೆಲ್ಲ ಬೆವರು. ಹೊರಗೆ ಬಂದವರು ನನ್ನ ಮೇಲೆಯೇ ರೇಗಿದರು. "ಏನಮ್ಮ ಇದು! ಒಳಗೆ ಒಂದು ಕಡ್ಡಿ ನೆಟ್‌ವರ್ಕೂ ಇಲ್ಲ!"

"ಅದನ್ನೇ ಸರ್ ನಾನು ಬರೆದಿದ್ದು" ಎಂದೆ.

ಸಮಿತಿಯ ಮುಂದಿನ ಸಭೆಯಲ್ಲಿ ನನ್ನ ಅಂಕಿಗಳಿಗೆ ಒಪ್ಪಿಗೆ ಸಿಕ್ಕಿತು. ತಪ್ಪಾಯ್ತು ಎಂಬ ಒಂದು ಮಾತು ಮಾತ್ರ ಆ ಮನುಷ್ಯನ ಬಾಯಿಂದ ಇವತ್ತಿಗೂ ಬಂದಿಲ್ಲ. ಅವರ ಕ್ಷಮೆ ಕಟ್ಟಿಕೊಂಡು ನನಗೇನು? ಅವತ್ತು ತಾಯಿ ನಾನು ಬೇಡಿದ್ದನ್ನು ಕೊಟ್ಟಿದ್ದರೆ ನನ್ನ ಕೈಯಾರೆ ನಾನೇ ಸುಳ್ಳುಬುರುಕಿಯಾಗುತ್ತಿದ್ದೆ. ಕೊಡದೆಯೇ ಕಾಪಾಡಿದಳು.

ಚೌಡಮ್ಮನಿಗೆ ಉಡಿ ತುಂಬಲು ಹೋದಾಗ ಕೈಮುಗಿದು, "ಇನ್ನು ನಮ್ಮ ಹೊಲದಾಗೆ ಮಳೆಗಾಲಕ್ಕೂ ಫೋನ್ ಸಿಗೋ ಹಂಗೆ ಮಾಡು ತಾಯಿ" ಎಂದು ಬೇಡಿಕೊಂಡೆ.

ಪಕ್ಕದಲ್ಲಿದ್ದ ಅವ್ವ ತಿವಿದಳು. "ಅದನ್ನೂ ಆಕೆಗೇ ಹಚ್ತೀಯೇನೆ? ನಿನ್ನ ಓದ್ಸಿದ್ದು ಯಾತಕ್ಕೆ ಮತ್ತೆ?"