ಡಾಕ್ಟರು ಹೇಳದ ಮಾತು

ಗೌರಿ, ನಿಮ್ಮಪ್ಪ ಮತ್ತೆ ಲಾರಿ ಓಡಿಸಬಹುದು ಎಂದು ಡಾಕ್ಟರು ನನಗೆ ಹೇಳಿದ್ದರು. ಇನ್ನು ಯಾವತ್ತೂ ಓಡಿಸಕೂಡದಂತೆ ಎಂದು ನಾನು ನಿಮ್ಮಪ್ಪನಿಗೆ ಹೇಳಿದೆ. ನಾನು ಮಾಡಿದ್ದು ಇಷ್ಟೇ. ಇಷ್ಟನ್ನು ನಿನಗೆ ಹೇಳಲು ಇಷ್ಟೊಂದು ವರ್ಷ ಬೇಕಾಯಿತು.

ಮೊನ್ನೆ ಮನೆಗೆ ಬಂದಿದ್ದಾಗ ನೀನು ನಿನ್ನ ಗೆಳತಿಯ ಹತ್ತಿರ ನಗುತ್ತಾ ಅಂದೆಯಲ್ಲ — ‘ನಮ್ಮಪ್ಪ ನನ್ನ ಒಂದಿನಾನೂ ಎತ್ಕಂಡೋರಲ್ಲ, ಅವ್ರಿಗೆ ಮಕ್ಳು ಅಂದ್ರೆ ಅಷ್ಟಕ್ಕಷ್ಟೆಯ.’ ನಾನು ಒಲೆಯ ಮುಂದೆ ಹಿಟ್ಟು ತೊಳಸುತ್ತಿದ್ದೆ. ಕೈ ನಿಂತುಹೋಯಿತು. ನೀನು ಅಂದುಕೊಂಡಿರುವುದು ತಪ್ಪು ಎಂದು ಹೇಳಬೇಕಾಗಿದ್ದವಳು ನಾನು. ಹೇಳದೆ ಮತ್ತೆ ಹಿಟ್ಟು ತೊಳಸಿದೆ. ಆ ರಾತ್ರಿ ಊಟಕ್ಕೆ ಕೂತಾಗ ನಿನ್ನ ಮುಖ ನೋಡಲಾಗಲಿಲ್ಲ.

ಮೊದಲಿನಿಂದ ಹೇಳುತ್ತೇನೆ.

ನಾನು ಮದುವೆಯಾಗಿ ಪಣಕಹಳ್ಳಿಗೆ ಬಂದಾಗ ನಿಮ್ಮಪ್ಪ ತಾಳವಾಡಿಯ ಒಬ್ಬ ತರಕಾರಿ ವ್ಯಾಪಾರಿಯ ಲಾರಿ ಓಡಿಸುತ್ತಿದ್ದರು. ನಮ್ಮೂರು, ದೊಡ್ಡಗಾಜನೂರು, ಆ ಕಡೆಯ ಹೊಲಗಳಲ್ಲೆಲ್ಲ ಕೋಸು, ಬೀನ್ಸ್ ತುಂಬಿಕೊಂಡು ದಿಂಬಂ ಘಾಟಿ ಇಳಿದು ಮೇಟುಪಾಳ್ಯದ ಮಂಡಿಗೆ ಹೋಗುವುದು. ಒಂದು ಲೋಡು ಇಳಿಸಿ ಬರುವಷ್ಟರಲ್ಲಿ ಇನ್ನೊಂದು ಕಾದಿರುತ್ತಿತ್ತು. ಮನೆಗೆ ಬಂದರೆ ಡೀಸೆಲ್ಲು, ಬಾಡಿದ ಕೋಸಿನೆಲೆ — ಎರಡೂ ಸೇರಿದ ಒಂದು ವಾಸನೆ. ಉಂಡು ಮಲಗುವರು, ಎದ್ದು ಹೋಗುವರು. ಅವರ ಎಚ್ಚರದ ಮುಖಕ್ಕಿಂತ ನಿದ್ದೆಯ ಮುಖವೇ ನನಗೆ ಹೆಚ್ಚು ಪರಿಚಯವಿತ್ತು. ನಾನು ಹೊಲಿಗೆ ಮಿಷನ್ನು ತುಳಿಯುತ್ತಾ ರಸ್ತೆಯ ಸದ್ದಿಗೆ ಕಿವಿ ಕೊಟ್ಟು ಕೂತಿರುತ್ತಿದ್ದೆ. ನಿನಗೆ ನೆನಪಿರಲಾರದು — ಆಗ ಅವರು ನಿನ್ನನ್ನು ಎತ್ತಿಕೊಳ್ಳುತ್ತಿದ್ದರು. ಎತ್ತಿ, ಲಾರಿಯ ಸೀಟಿನ ಮೇಲೆ ಕೂರಿಸಿ, ನಿನ್ನ ಕೈಯಿಂದ ಹಾರನ್ನು ಒತ್ತಿಸುತ್ತಿದ್ದರು.

ಮಂಡಿಯಲ್ಲಿ ಆಳು ಸಿಗದ ದಿನ ಮೂಟೆಗೂ ಹೆಗಲು ಕೊಡುತ್ತಿದ್ದರು. ಕಿಬ್ಬೊಟ್ಟೆಯಲ್ಲಿ ಒಂದು ಗಂಟು ಎದ್ದಿತ್ತಂತೆ. ಯಾರಿಗೂ ಹೇಳದೆ ಟವಲು ಬಿಗಿದುಕೊಂಡು ಓಡಾಡುತ್ತಿದ್ದರು. ಒಂದು ದಿನ ಮೂಟೆ ಇಳಿಸಿ ಕೂತವರಿಗೆ ಮತ್ತೆ ಏಳಲಾಗಲಿಲ್ಲ. ಸತ್ಯಮಂಗಲದ ಒಂದು ಆಸ್ಪತ್ರೆಗೆ ಸೇರಿಸಿದರು. ಕರುಳು ಇಳಿದಿದೆ, ಹರ್ನಿಯಾ, ಕುಯ್ದೇ ಸರಿಮಾಡಬೇಕು ಅಂದರು. ಆಪರೇಷನ್ನು ಚೆನ್ನಾಗಿಯೇ ಆಯಿತು. ಮನೆಗೆ ಕಳಿಸುವಾಗ ಡಾಕ್ಟರು ಬೆರಳು ಮಡಿಸಿ ಮಡಿಸಿ ಹೇಳಿದರು — ಕೊಡ ಎತ್ತಬಾರದು, ನೆಲದ ಮೇಲೆ ಕುಕ್ಕರಗಾಲಲ್ಲಿ ಕೂರಬಾರದು, ಮಗುವನ್ನು ಎತ್ತಿಕೊಳ್ಳಬಾರದು, ಗಾಡಿ ಹತ್ತಲೇಬಾರದು. ಮೂರು ತಿಂಗಳು ಕಳೆದ ಮೇಲೆ ಬಂದು ತೋರಿಸಿ.

ಆ ಮೂರು ತಿಂಗಳು, ಗೌರಿ...

ಅಂಥ ಗಂಡಸನ್ನು ಹಾಗೆ ನೋಡಬೇಕಾಗಿತ್ತು ನೀನು. ಪಕ್ಕದ ಮನೆಯಿಂದ ಎರವಲು ತಂದ ಕಬ್ಬಿಣದ ಕುರ್ಚಿಯಲ್ಲಿ ಕೂತಿರುವುದು. ಹಸು ಹಗ್ಗ ಕಿತ್ತುಕೊಂಡು ಹೋದರೂ ಕೂತಲ್ಲಿಂದಲೇ ಕೂಗುವುದು. ನಾನು ನೀರು ಹೊತ್ತು ತರುವಾಗ ಮುಖ ತಿರುಗಿಸಿಕೊಳ್ಳುವರು — ನೋಡಿಕೊಂಡು ಕೂತಿರುವುದು ಅವರಿಗೆ ಆಗುತ್ತಿರಲಿಲ್ಲ. ಕೆಮ್ಮು ಬಂದರೆ ಹೊಟ್ಟೆಗೆ ದಿಂಬು ಒತ್ತಿಕೊಳ್ಳಬೇಕು. ನಗು ಬಂದರೂ ಅಷ್ಟೆ. ಅದು ನಿನಗೆ ಗೊತ್ತಾಗಿಬಿಟ್ಟಿತ್ತು. ಬೇಕೆಂದೇ ಅವರ ಮುಂದೆ ನಿಂತು ಕೋತಿಯ ಹಾಗೆ ಹಲ್ಲು ಕಿರಿಯುತ್ತಿದ್ದೆ. ‘ಇವ್ಳ ಕರ್ಕಂಡೋಗಮ್ಮಿ, ಒಲಿಗೆ ಬುಟ್ಕತದೆ!’ ಎಂದು ದಿಂಬು ಅವುಚಿಕೊಂಡು ನಕ್ಕು ನಕ್ಕು ಅವರ ಕಣ್ಣಲ್ಲಿ ನೀರು ಬರುತ್ತಿತ್ತು. ನೀನು ಎರಡೂ ಕೈ ಮೇಲೆತ್ತಿ ‘ಎತ್ಕಪ್ಪ’ ಅಂದರೆ ಮಾತ್ರ ನಗು ನಿಂತುಹೋಗುತ್ತಿತ್ತು. ‘ಇನ್ ವಸಿ ದಿನ ತಡಿ ಕೂಸೆ, ಆಮೇಲೆ ಎತ್ಕತೀನಿ’ ಅನ್ನುವರು.

ಕೈ ಸುಮ್ಮನಿರಲಾರದೆ ನನ್ನ ಮಿಷನ್ನಿನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು. ಸೂಜಿಗೆ ದಾರ ಪೋಣಿಸುವುದು, ರವಿಕೆಗೆ ಹುಕ್ಕು ಹಾಕುವುದು — ಲಾರಿಯ ಸ್ಟೇರಿಂಗು ಹಿಡಿದ ಆ ದಪ್ಪ ಬೆರಳುಗಳು ಅದನ್ನೂ ಕಲಿತವು. ರವಿಕೆ ಕೊಡಲು ಬಂದ ಹೆಂಗಸರು ಬಾಯಿಗೆ ಸೆರಗು ಮುಚ್ಚಿಕೊಂಡು ನಗುತ್ತಿದ್ದರು. ಸಂಜೆ ಸ್ವಲ್ಪ ನಡೆಯಬೇಕು ಎಂದಿದ್ದರು ಡಾಕ್ಟರು. ನಾವಿಬ್ಬರೂ ರಾಗಿ ಹೊಲದ ಬದುವಿನ ಮೇಲೆ ನಡೆದು ಹೋಗುತ್ತಿದ್ದೆವು. ಮದುವೆಯಾದ ಮೇಲೆ ನಾನು ಅವರ ಪಕ್ಕದಲ್ಲಿ ನಡೆದದ್ದು ಅದೇ ಮೊದಲು. ನಡೆಯುತ್ತಾ ಅವರು ಘಾಟಿಯ ಕಥೆ ಹೇಳುವರು — ಯಾವ ತಿರುವಿನಲ್ಲಿ ಆನೆ ಅಡ್ಡ ನಿಂತಿರುತ್ತದೆ, ಮಂಜು ಮುಸುಕಿದರೆ ಮುಂದಿನ ಗಾಡಿಯ ಕೆಂಪು ದೀಪ ಹೇಗೆ ಕಾಣುತ್ತದೆ, ಇಳಿಜಾರಿನಲ್ಲಿ ಲೋಡು ಹಿಂದಿನಿಂದ ಹೇಗೆ ನೂಕುತ್ತದೆ. ನಾನು ಕೇಳುತ್ತಿದ್ದೆ. ಆದರೆ ಏನು ಕೇಳಿಸಿಕೊಂಡೆ? ಅವರ ದನಿಯನ್ನು ಮಾತ್ರ. ಆ ದಾರಿಗಾಗಿ ಅವರ ಜೀವ ಎಷ್ಟು ಹಂಬಲಿಸುತ್ತಿದೆ ಎಂಬುದು ನನ್ನ ಕಿವಿಗೆ ಬೀಳಲೇ ಇಲ್ಲ. ಬಿತ್ತೇನೋ — ನಾನು ಬೇಡ ಅಂದುಕೊಂಡೆ.

ತೋರಿಸಿಕೊಂಡು ಬರುವ ದಿನ ಬಂತು. ಇಬ್ಬರೂ ಬಸ್ಸಿನಲ್ಲಿ ಘಾಟಿ ಇಳಿದೆವು. ಡ್ರೈವರು ಗೇರು ಬದಲಿಸಿದಾಗಲೆಲ್ಲ, ಕಿಟಕಿಯ ಪಕ್ಕ ಕೂತಿದ್ದ ನಿಮ್ಮಪ್ಪನ ಎಡಗೈಯೂ ತೊಡೆಯ ಮೇಲೆ ಅಲುಗುತ್ತಿತ್ತು. ಡಾಕ್ಟರು ಗಾಯ ಒತ್ತಿ ನೋಡಿದರು, ಕೆಮ್ಮಿಸಿ ನೋಡಿದರು. ಆಸ್ಪತ್ರೆಯ ವಾಸನೆ ನಿಮ್ಮಪ್ಪನಿಗೆ ಆಗದು. ಅಂಗಿ ಹಾಕಿಕೊಂಡವರೇ ಎದುರಿನ ಟೀ ಅಂಗಡಿಗೆ ಹೋಗಿಬಿಟ್ಟರು. ಡಾಕ್ಟರು ಕೈ ತೊಳೆಯುತ್ತಾ ತಮಿಳಿನಲ್ಲಿ ನನಗೆ ಹೇಳಿದರು — ‘ಇನಿ ವಂಡಿ ಓಟ್ಟಲಾಂಮ್ಮಾ. ಒಣ್ಣುಂ ಬಯಮಿಲ್ಲೆ.’ ಇನ್ನು ಗಾಡಿ ಓಡಿಸಬಹುದಮ್ಮ, ಏನೂ ಭಯವಿಲ್ಲ.

ನಾನು ಕೈ ಮುಗಿದು ಹೊರಗೆ ಬಂದೆ. ಬಾಗಿಲಿನಿಂದ ಟೀ ಅಂಗಡಿಗೆ ರಸ್ತೆ ದಾಟುವಷ್ಟೇ ದೂರ. ದಾಟುವಾಗಲೂ ನನ್ನ ಮನಸ್ಸಿನಲ್ಲಿ ಸುಳ್ಳಿರಲಿಲ್ಲ ಅಂದರೆ ನೀನು ನಂಬುವೆಯಾ? ಅವರು ಗ್ಲಾಸು ಕೈಯಲ್ಲಿ ಹಿಡಿದು, ಪರೀಕ್ಷೆ ಬರೆದ ಹುಡುಗನ ಹಾಗೆ ನನ್ನ ಮುಖವನ್ನೇ ನೋಡುತ್ತಿದ್ದರು.

‘ಏನಂದ್ರಮ್ಮಿ?’

‘ಬ್ಯಾಡ್ವಂತೆ,’ ಅಂದೆ.

‘ಇನ್ನೂ ಯಾವಗಂಟ?’

‘ಯಾವತ್ತೂವೆ. ಗಾಡಿ ಮುಟ್ಟದೇ ಬ್ಯಾಡ್ವಂತೆ. ಭಾರ ಎತ್ತುದ್ರೆ ಒಳಗಡೆ ಒಲಿಗೆ ಬುಟ್ಕತದಂತೆ. ಆಮೇಲೆ ಜೀವಕ್ಕೇ...’

ಅವರು ಟೀ ಗ್ಲಾಸನ್ನು ಬೆಂಚಿನ ಮೇಲೆ ಇಟ್ಟರು. ಕುಡಿಯಲಿಲ್ಲ. ನನ್ನನ್ನು ಮತ್ತೆ ಕೇಳಲಿಲ್ಲ — ಡಾಕ್ಟರ ಹತ್ತಿರ ಹೋಗಿ ತಾವೇ ಒಂದು ಮಾತು ಕೇಳಬೇಕು ಅಂತಲೂ ಅನ್ನಿಸಲಿಲ್ಲ ಅವರಿಗೆ. ಹೆಂಡತಿ ಹೇಳಿದ ಮೇಲೆ ಇನ್ನೇನು? ಅಷ್ಟು ನಂಬಿದ್ದರು.

ಆ ವರ್ಷಗಳಲ್ಲಿ ಕಾಡಿನ ರಸ್ತೆಯಲ್ಲಿ ಕಾಡುಗಳ್ಳರ ಕಾಟ, ಪೊಲೀಸರ ತಪಾಸಣೆ, ಒಂದೊಂದು ದಿನ ಗಾಡಿಗಳೇ ಹಿಂದಿರುಗುತ್ತಿರಲಿಲ್ಲ. ಹೆದರಿಕೆಗೆ ಹಾಗೆ ಹೇಳಿದೆ ಅಂದರೆ ನೀನು ಒಪ್ಪಿಕೊಳ್ಳುತ್ತೀಯ. ಹೆದರಿಕೆಯೂ ಇತ್ತು. ಆದರೆ ಬಾಯಿಂದ ಆ ಮಾತು ಹೊರಡಿಸಿದ್ದು ಅದಲ್ಲ. ಆ ಸಂಜೆಗಳು ಮುಗಿದುಹೋಗುತ್ತವಲ್ಲ ಎಂಬ ಸಂಕಟ. ನನಗೆ ಅವರು ಬೇಕಾಗಿದ್ದರು. ಎಚ್ಚರವಾಗಿರುವ, ಮಾತನಾಡುವ, ನನ್ನ ಪಕ್ಕದಲ್ಲಿ ನಡೆಯುವ ಅವರು.

ಅವರು ಮನೆಯಲ್ಲೇ ಉಳಿದರು. ಆದರೆ ಸಂಜೆಯ ನಡಿಗೆ ನಿಂತುಹೋಯಿತು. ಕರೆದರೆ ‘ನೀ ಓಗಮ್ಮಿ’ ಅನ್ನುವರು. ಘಾಟಿಯ ಕಥೆ ಮತ್ತೆ ಅವರ ಬಾಯಲ್ಲಿ ಬರಲಿಲ್ಲ. ಆ ವ್ಯಾಪಾರಿಯ ಗೋದಾಮಿನಲ್ಲೇ ಮೂಟೆ ಎಣಿಸುವ ಕೆಲಸಕ್ಕೆ ಸೇರಿಕೊಂಡರು; ತಮ್ಮ ಲಾರಿಯನ್ನು ಬೇರೊಬ್ಬ ಓಡಿಸಿಕೊಂಡು ಹೋಗುವುದನ್ನು ನೋಡುತ್ತಾ ನಿಲ್ಲುವ ಕೆಲಸ. ಗಟ್ಟಿಮುಟ್ಟಾದ ಮೈ, ಗೌರಿ. ಅದನ್ನು ಗಾಜಿನ ಪಾತ್ರೆಯ ಹಾಗೆ ಹೊತ್ತು ತಿರುಗಿದರು. ಮೆಟ್ಟಿಲು ಹತ್ತುವಾಗ ಹೊಟ್ಟೆಯ ಮೇಲೆ ಕೈ. ಸೀನು ಬಂದರೆ ಗೋಡೆ ಹಿಡಿದು ನಿಲ್ಲುವುದು. ದೀಪಾವಳಿಯಾದ ಮೇಲೆ ಗುಮಟಾಪುರದಲ್ಲಿ ಸಗಣಿ ಎರಚಾಡುವ ಹಬ್ಬಕ್ಕೆ ಗೆಳೆಯರು ಕರೆಯಲು ಬಂದರೆ, ‘ಜಾರಿ ಗೀರಿ ಬಿದ್ರೆ ಕಷ್ಟ ಕಣ್ಲಾ’ ಎಂದು ಬಾಗಿಲಿನಿಂದಲೇ ಕಳಿಸಿಬಿಡುತ್ತಿದ್ದರು. ನೀನು ಕೆಲವು ದಿನ ಕೈ ಮೇಲೆತ್ತಿದೆ. ಆಮೇಲೆ ಎತ್ತುವುದನ್ನು ಬಿಟ್ಟೆ. ಬಿಟ್ಟ ದಿನ ಯಾವುದೆಂದು ನಾನು ಗಮನಿಸಲೇ ಇಲ್ಲ.

ಪ್ರತಿ ದಿನ ಹೇಳಬಹುದಾಗಿತ್ತು. ನಾಳೆ, ನಾಳೆ ಅಂದುಕೊಂಡೆ. ಸುಳ್ಳಿಗೆ ವಯಸ್ಸಾದಷ್ಟೂ ನನಗೆ ಬಾಯಿ ಬರಲಿಲ್ಲ.

ನೀನು ಐದನೆಯ ತರಗತಿಯಲ್ಲಿದ್ದಾಗ, ಒಂದು ಭಾನುವಾರ, ಮಳೆ. ಹಿತ್ತಲಿನ ಬಚ್ಚಲ ಹತ್ತಿರ ನಿಮ್ಮಜ್ಜಿ, ನಮ್ಮತ್ತೆ, ಜಾರಿ ಬಿದ್ದರು. ಕೂಗು ಕೇಳಿ ನಾನು ಓಡಿದೆ; ಅಷ್ಟರಲ್ಲಿ ನಿಮ್ಮಪ್ಪ ಅಲ್ಲಿದ್ದರು. ಅಜ್ಜಿಯ ಕಾಲು ಮೈಯಡಿಗೆ ಮಡಿಸಿಕೊಂಡಿತ್ತು. ‘ಎತ್ಲಾ ಮಾದೇಶ, ಎತ್ಲಾ...’ ಎಂದು ಕೈ ಚಾಚಿದರು. ನಿಮ್ಮಪ್ಪ ಬಗ್ಗಿದರು. ಎರಡೂ ಕೈ ಮುಂದಕ್ಕೆ ಹೋದವು. ಅರ್ಧಕ್ಕೆ ನಿಂತು, ಒಂದು ಕೈ ತಮ್ಮ ಹೊಟ್ಟೆಗೇ ಬಂತು. ಅವರು ತಿರುಗಿ ನನ್ನನ್ನು ನೋಡಿದರು.

ಎತ್ತಿ — ಎಂಬ ಒಂದು ಮಾತು ಸಾಕಾಗಿತ್ತು. ನಾನು ಅನ್ನಲಿಲ್ಲ. ಆಗಲೂ ಅನ್ನಲಿಲ್ಲ, ಗೌರಿ. ಒಬ್ಬಳೇ ಎತ್ತಲು ನೋಡಿ, ಆಗದೆ, ಪಕ್ಕದ ಮನೆಯವರನ್ನು ಕರೆಯಲು ಓಡಿದೆ. ಅವರು ಹೊಲದಿಂದ ಬರುವವರೆಗೆ ನಿಮ್ಮಜ್ಜಿ ಕೆಸರಿನಲ್ಲಿ, ಮಳೆಯಲ್ಲಿ ಬಿದ್ದೇ ಇದ್ದರು. ಮಗ ತನ್ನ ಟವಲನ್ನು ಅವರ ಮುಖದ ಮೇಲೆ ಹಿಡಿದು ನಿಂತಿದ್ದ.

ಕಾಲು ಉಳುಕಿತ್ತು, ಮುರಿದಿರಲಿಲ್ಲ. ಎಣ್ಣೆ ಹಚ್ಚುತ್ತಿದ್ದಾಗ ಅಜ್ಜಿಯೇ ಸಮಾಧಾನ ಹೇಳಿದರು — ‘ಬುಡು ಮಗ, ನಿಂಗೂ ಮೈ ಸರಿಲ್ವಲ್ಲ, ಏನ್ ಮಾಡಕಾದದು.’ ಆ ಮಾತು ಕೇಳಿ ನಿಮ್ಮಪ್ಪ ಎದ್ದು ಜಗಲಿಗೆ ಹೋದರು. ಸ್ವಲ್ಪ ಹೊತ್ತಿಗೆ ನಾನೂ ಹೋದೆ. ತಲೆ ತಗ್ಗಿಸಿಕೊಂಡೇ ಅಂದರು — ‘ನಮ್ಮವ್ವನ್ನ ಎತ್ತಕೂ ಆಗ್ನಿಲ್ವಲ್ಲ ಕಣಮ್ಮಿ. ನಾನ್ಯಾಕೆ ಬದ್ಕಿರದು?’

‘ಡಾಕ್ಟ್ರು ಅಂಗೆ ಏಳ್ನೇ ಇಲ್ಲ,’ ಅಂದೆ.

ಅವರಿಗೆ ಅರ್ಥವಾಗಲಿಲ್ಲ. ‘ಏನು?’ ಅಂದರು. ಎಲ್ಲವನ್ನೂ ಹೇಳಿದೆ. ಮಳೆ ನಿಂತು ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಬೈಯುತ್ತಾರೆ, ಹೊಡೆಯುತ್ತಾರೆ ಅಂದುಕೊಂಡೆ. ಹೊಡೆದಿದ್ದರೆ ಎಷ್ಟು ಚೆನ್ನಾಗಿತ್ತು.

‘ಅವ್ರು ಏನಂದ್ರೋ ಅದ್ನೇ ಏಳು. ಅವ್ರ ಮಾತ್ನಲ್ಲೇ ಏಳು,’ ಅಂದರು.

‘ಇನಿ ವಂಡಿ ಓಟ್ಟಲಾಂಮ್ಮಾ. ಒಣ್ಣುಂ ಬಯಮಿಲ್ಲೆ.’

‘ಇನ್ನೊಂದ್ಸಲ ಏಳು.’

ಹೇಳಿದೆ.

‘ಯಾಕಮ್ಮಿ?’

‘ನೀವು ಮನೇಲಿರ್ಲಿ ಅಂತ.’

ಅವರು ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ ಆ ಕಣ್ಣಲ್ಲಿ, ಗುರುತು ಸಿಗದವರನ್ನು ನೋಡುವ ಹಾಗೆ... ‘ಇದ್ನಲ್ಲ ಇಷ್ಟು ವರ್ಸ,’ ಅಂದರು. ‘ನಾನಾ ಇದ್ದದ್ದು?’

ಮರುದಿನ ಬೆಳಿಗ್ಗೆ ನೀನು ಚೀಲ ಹಾಕಿಕೊಂಡು ಶಾಲೆಗೆ ಹೊರಟಿದ್ದೆ. ಅವರು ಬಂದು ಬಗ್ಗಿ ನಿನ್ನ ಕಂಕುಳಿಗೆ ಕೈ ಹಾಕಿದರು. ನಿನ್ನ ಕಾಲು ನೆಲದಿಂದ ಒಂದಿಷ್ಟು ಮೇಲೆ ಬಂತೋ ಇಲ್ಲವೋ — ‘ಬುಡಪ್ಪ, ಎಲ್ರೂ ನೋಡ್ತರೆ’ ಎಂದು ನಾಚಿ ಕೊಸರಿಕೊಂಡು ಓಡಿದೆ. ನಿನ್ನ ತಪ್ಪಲ್ಲ. ಎತ್ತಿಕೊಳ್ಳುವ ವಯಸ್ಸು ದಾಟಿತ್ತು ನಿನಗೆ. ಅವರು ಕೈ ಹಾಗೇ ಹಿಡಿದುಕೊಂಡು ನೀನು ರಸ್ತೆ ತಿರುಗುವವರೆಗೆ ನಿಂತಿದ್ದರು. ಬಾಗಿಲ ಹಿಂದೆ ನಿಂತು ನೋಡಿದ್ದೇನೆ.

ಮತ್ತೆ ಲಾರಿಗೆ ಸೇರುವುದು ಸುಲಭವಾಗಿರಲಿಲ್ಲ. ಹಳೆಯ ವ್ಯಾಪಾರಿ ಒಪ್ಪಲಿಲ್ಲ, ರೋಗಿಯ ಕೈಗೆ ಗಾಡಿ ಕೊಡುವುದು ಹೇಗೆ ಅಂದ. ಮೇಟುಪಾಳ್ಯಕ್ಕೆ ಹೋಗಿ, ಯಾರದೋ ಗಾಡಿಯಲ್ಲಿ ಎರಡನೆಯ ಡ್ರೈವರಾಗಿ, ಹೊಸಬನ ಹಾಗೆ ಶುರು ಮಾಡಿದರು. ಜೊತೆಯವರೆಲ್ಲ ಅಷ್ಟರಲ್ಲಿ ಸ್ವಂತ ಗಾಡಿ ಮಾಡಿಕೊಂಡಿದ್ದರು. ದೂರದ ಲೋಡುಗಳನ್ನೇ ಕೇಳಿ ಪಡೆದರು. ಅಜ್ಜಿ ಕೇಳಿದರೆ ‘ಈಗ ವಾಸಿಯಾಯ್ತು ಕಣವ್ವ’ ಅಂದರು. ನಿಜ ತಿಳಿಯದೆಯೇ ಆಕೆ ತೀರಿಕೊಂಡರು. ಯಾವುದೋ ಊರಿನ ಬೂತಿನಿಂದ ಎದುರಿನ ಅಂಗಡಿಗೆ ನಿಮ್ಮಪ್ಪನ ಫೋನು ಬರುತ್ತಿತ್ತು. ನಾನು ಓಡಿಹೋಗಿ ಹಿಡಿಯುತ್ತಿದ್ದೆ. ‘ಕೂಸು ಚೆನ್ನಾಗದ?’ ಅನ್ನುವರು. ‘ಅದೆ’ ಅನ್ನುವೆ. ‘ಸರಿ, ಫೋನ್ ಮಡುಗ್ತೀನಿ’ ಅನ್ನುವರು. ಒಂದು ದಿನವೂ ನನ್ನ ಮೇಲೆ ದನಿ ಎತ್ತಲಿಲ್ಲ. ಬಂದರೆ ಬಡಿಸಿದ್ದನ್ನು ಉಣ್ಣುತ್ತಾರೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾರೆ, ಮಲಗುತ್ತಾರೆ. ಇವತ್ತಿಗೂ ಹಾಗೆಯೇ. ಹತ್ತಿರ ಬೇಕೆಂದು ಯಾರನ್ನು ಕಟ್ಟಿಹಾಕಿದೆನೋ ಅವರಿಗಾಗಿ ಇನ್ನೂ ಕಾಯುತ್ತಿದ್ದೇನೆ — ಅವರು ಎದುರಿಗೇ ಕೂತು ಉಣ್ಣುವಾಗಲೂ.

ನಿನಗೆ ಅವರು ಒಂದು ಮಾತೂ ಹೇಳಲಿಲ್ಲ ನೋಡು. ಮಗಳ ಬಾಯಲ್ಲಿ ಕಲ್ಲು ಮನಸ್ಸಿನವರು ಅನ್ನಿಸಿಕೊಂಡರು, ನನ್ನ ಹೆಸರು ಹೇಳಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ನನಗೆ ಬಂದಿಲ್ಲ. ಕ್ಷಮಿಸು ಎಂದು ನಿನ್ನನ್ನು ಕೇಳುತ್ತಲೂ ಇಲ್ಲ. ಕ್ಷಮಿಸಿದರೂ ಅವರ ಆ ವರ್ಷಗಳು ಬರುವುದಿಲ್ಲ, ನಿನ್ನವೂ ಬರುವುದಿಲ್ಲ.

ಈ ಭಾನುವಾರ ಅವರು ಬರುತ್ತಾರೆ. ನೀನೂ ಬಾ. ನಿನಗೆ ಎಲ್ಲ ಹೇಳಿದ್ದೇನೆ ಎಂದು ಅವರ ಮುಂದೆಯೇ ಹೇಳುತ್ತೇನೆ. ನಾನು ಬಡಿಸುವಾಗ ನನಗೆ ಸಹಾಯ ಮಾಡಲು ಏಳಬೇಡ, ಗೌರಿ. ಹೋಗಿ ನಿಮ್ಮಪ್ಪನ ಪಕ್ಕದಲ್ಲಿ ಕೂತುಕೋ.