ಲಕ್ಕಮ್ಮ ನೋಡದ ಕೊನೆ

ನಮ್ಮತ್ತೆ ಲಕ್ಕಮ್ಮ ಷರಾ ಬರೆಯದೆ ನಮ್ಮ ಮನೆಯಲ್ಲಿ ಯಾವ ಸಿನಿಮಾವೂ ಮುಗಿಯುವುದಿಲ್ಲ. ಮೊನ್ನೆ ನೋಡಿದ ಪೊಲೀಸ್ ಕತೆಗೆ, "ಎಲ್ರುಗೂ ಗಡ್ಡ. ಕಳ್ಳ ಯಾರು, ಪೊಲೀಸ್ ಯಾರು?" ಎಂದರು. ಅದರ ಹಿಂದಿನದು ಮುಕ್ಕಾಲು ಪಾಲು ಕತ್ತಲಲ್ಲೇ ನಡೆಯಿತು. "ಒಂದ್ ಲೈಟಾದ್ರೂ ಆಕ್ಬಾರ್ದಾ?" ಎಂದು ಎದ್ದು ಸೊಪ್ಪು ಬಿಡಿಸಲು ಹೋದರು. ನಾನು ಆಸೆಪಟ್ಟು ಹಾಕಿದ ಸಿನಿಮಾವನ್ನು ಹೀಗೆ ಒಂದೇ ಮಾತಿನಲ್ಲಿ ತೆಗೆದುಹಾಕಿದರೆ ನನಗೆ ಮೈ ಉರಿಯುತ್ತದೆ. ಆದರೆ ಅವರ ಅನುಭವದ ಮುಂದೆ ನಾನೇನು ಮಾತಾಡಲಿ.

ಚಿಕ್ಕಬಾಣಾವರದಲ್ಲಿ ಟೆಂಟ್ ಸಿನಿಮಾ ಇದ್ದ ಕಾಲದಲ್ಲಿ ಅತ್ತೆ ಹೆಂಗಸರ ಕಡೆಯ ಗೇಟಿನಲ್ಲಿ ಟಿಕೆಟ್ ಹರಿಯುತ್ತಿದ್ದರು. ಮರಳು ಗುಡ್ಡೆ ಮಾಡಿಕೊಂಡು ಕೂರುತ್ತಿದ್ದ ನೆಲದ ಟಿಕೆಟ್ಟಿನವರು ಅಳದಿದ್ದರೆ ಅದು ಸಿನಿಮಾವೇ ಅಲ್ಲ ಎನ್ನುವುದು ಅವರ ಲೆಕ್ಕ. ಆ ಜಾಗದಲ್ಲೀಗ ಅಪಾರ್ಟ್‌ಮೆಂಟ್ ಎದ್ದಿದೆ. ಆ ಕಡೆ ಹೋದಾಗಲೆಲ್ಲ ತಮ್ಮ ಗೇಟು ಎಲ್ಲಿತ್ತೆಂದು ನನಗೆ ತೋರಿಸುತ್ತಾರೆ.

ಒಂದೊಂದು ಸಿನಿಮಾವನ್ನೂ ಹತ್ತು ಸಲ ನೋಡಿದವರು ಅವರು, ಕೊನೆಯೊಂದನ್ನು ಬಿಟ್ಟು. ಆಟ ಬಿಡುವ ಮೊದಲೇ ಗೇಟಿಗೆ ಬಂದು ನಿಲ್ಲಬೇಕಿತ್ತು. ಕಣ್ಣೊರೆಸಿಕೊಂಡು ಹೊರಬರುವವರನ್ನು ಕೇಳಿ ಕೊನೆ ತಿಳಿದುಕೊಳ್ಳುತ್ತಿದ್ದರು. ಮರುದಿನ ಬೆಳಿಗ್ಗೆ ಬೋರ್‌ವೆಲ್ ಹತ್ತಿರ ಬಿಂದಿಗೆ ಇಟ್ಟು ಪಕ್ಕದ ಮನೆಯ ಸಬೀರಾಗೆ ಇಡೀ ಕತೆ ಹೇಳುತ್ತಿದ್ದರು. ಸಬೀರಾ ಆಂಟಿಯನ್ನು ಅವರ ಅಪ್ಪ ಟೆಂಟಿಗೆ ಕಳಿಸುತ್ತಿರಲಿಲ್ಲ.

ಹೋದ ಭಾನುವಾರ ಮಧ್ಯಾಹ್ನ ಯೂಟ್ಯೂಬಿನಲ್ಲಿ ಆ ಕಾಲದ ಒಂದು ಸಿನಿಮಾ ಸಿಕ್ಕಿತು. ಗಂಡ ಬಿಟ್ಟ ಹೆಣ್ಣು ಕೂಸನ್ನು ಎತ್ತಿಕೊಂಡು ತವರಿಗೆ ಬರುವ ಕತೆ. ಖುಷಿಯಲ್ಲಿ ಸಬೀರಾ ಆಂಟಿಯನ್ನೂ ಕರೆದು ಕೂರಿಸಿದೆ. ಕಾಫಿಗಿಡಲು ಹೋದ ನನ್ನ ಹಿಂದೆಯೇ ಅತ್ತೆ ಅಡುಗೆಮನೆಗೆ ಬಂದು ಕೈ ಹಿಡಿದರು.

"ಬೇರೆ ಆಕು ವೇದಾ. ಅದು ಬ್ಯಾಡ."

"ಯಾಕತ್ತೆ?"

"ಕೊನೇಲಿ ಅವ್ಳು ಬಾವಿಗೆ ಬೀಳ್ತಾಳಂತೆ. ನಾನು ಸಬೀರಾಗೆ ಅಂಗೆ ಏಳಿಲ್ಲ. ಆಗ ಅವ್ಳೂ ಕೈಕೂಸು ಮುನ್ನಾನ ಎತ್ಕೊಂಡು ಅಪ್ಪನ ಮನೆಗೆ ಬಂದಿದ್ಲು. ಅನ್ನ ನೀರು ಬಿಟ್ಟಿದ್ಲು. ಪಿಚ್ಚರ್ನೋಳು ಬಟ್ಟೆ ಒಲಿಯೋದ್ ಕಲ್ತು ಮಗೂನ ಸಾಕ್ತಾಳೆ ಅಂತ ಸುಳ್ಳು ಏಳ್ಬಿಟ್ಟೆ."

ನಲವತ್ತು ವರ್ಷದ ಗೆಳತಿಯ ಮುಂದೆ ಸುಳ್ಳುಗಾತಿಯಾಗಿಬಿಡುವ ಭಯ ಅವರ ಮುಖದಲ್ಲಿತ್ತು. ಅಷ್ಟರಲ್ಲಿ ಹೆಸರುಗಳು ಮುಗಿದು ಕತೆ ಶುರುವಾಗಿತ್ತು. "ಅಕ್ಕಾ, ಇದು ನೀನು ಹೇಳಿದ್ದ ಪಿಚ್ಚರ್ರು, ಬಾ," ಎಂದು ಆಂಟಿ ಕರೆದರು. ಅಂದು ಅತ್ತೆ ಒಂದು ಕೊಂಕನ್ನೂ ಆಡಲಿಲ್ಲ. ಕೊನೆ ಹತ್ತಿರ ಬಂದಾಗ ಎದ್ದು ಹೊರಟರು. ಆಂಟಿ ಸೆರಗು ಹಿಡಿದು ಕೂರಿಸಿದರು.

ತೆರೆಯ ಮೇಲಿನ ಹೆಂಗಸು ಬಾವಿಗೆ ಬಿದ್ದಳು. ಸಿನಿಮಾ ಮುಗಿಯಿತು.

"ನಿಂಗೆ ಸುಳ್ಳು ಏಳಿದ್ದೆ ಕಣೆ," ಎಂದರು ಅತ್ತೆ.

ಸಬೀರಾ ಆಂಟಿ ಅತ್ತೆಯ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು.

"ಅವ್ಳ ಕೈಲಿ ಆದ್ರೆ ನನ್ ಕೈಲೂ ಆಗುತ್ತೆ ಅಂತ ತಾನೆ ಅಕ್ಕ, ನಾನು ಹೊಲಿಗೆ ಮಿಷಿನ್ ಮುಂದೆ ಕೂತಿದ್ದು."