ಮೂರು ಒಲೆಗೆ ಒಂದು ನಂಬರು

ಇದನ್ನು ಈಗಾಗಲೇ ನಾಲ್ಕೈದು ಜನರಿಗೆ ಹೇಳಿದ್ದೇನೆ. ಪ್ರತಿ ಸಲ ಹೇಳಿದಾಗಲೂ ಆಹಾರ ಇಲಾಖೆಯ ಅಧಿಕಾರಿ ಇನ್ನಷ್ಟು ಕೆಟ್ಟವರಾಗುತ್ತಾರೆ, ನನ್ನ ವೈನಿ ಇನ್ನಷ್ಟು ಪಾಪದವಳಾಗುತ್ತಾಳೆ, ನಾನು ಇನ್ನಷ್ಟು ಜಾಣೆಯಾಗುತ್ತೇನೆ. ಕೇಳುವವರಿಗೂ ಹಾಗೆಯೇ ಬೇಕು. ಆದರೆ ಅಧಿಕಾರಿ ಕೆಟ್ಟವರಲ್ಲ, ವೈನಿ ಪಾಪದವಳಂತೂ ಮೊದಲೇ ಅಲ್ಲ, ಮತ್ತು ಅರ್ಜಿಯಲ್ಲಿ ತಪ್ಪು ಬರೆದವಳು ನಾನು. ಅದಕ್ಕೇ ಈ ಸಲ ಬರೆದಿಡುತ್ತಿದ್ದೇನೆ. ಬರೆದರೆ ಎಲ್ಲ ನೆಟ್ಟಗಾಗುತ್ತದೆ ಎಂಬ ನಂಬಿಕೆಯಿಂದಲ್ಲ. ಅರ್ಜಿಯನ್ನು ಕೆಡಿಸಿದ್ದೂ ಬರೆದೇ.

ವೈನಿ ಎಂದರೆ ನಮ್ಮಣ್ಣನ ಹೆಂಡತಿ. ರಾಣೆಬೆನ್ನೂರಿನ ಹಳೆಯ ಓಣಿಯೊಂದರಲ್ಲಿ ಮನೆ. ಅಣ್ಣ ಬೀಜದ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾನೆ; ವೈನಿ ಕಡಕ್ ರೊಟ್ಟಿ ಮಾಡಿ ಮಾರುತ್ತಾಳೆ. ಮಾರುತ್ತಾಳೆ ಎಂದು ಏಕವಚನದಲ್ಲಿ ಬರೆದೆ ನೋಡಿ, ಇಲ್ಲಿಯೇ ತಪ್ಪಿತು. ಮಾರುವವರು ಮೂವರು. ವೈನಿ, ಹಿತ್ತಿಲ ಗೋಡೆಯಾಚೆಯ ಮನೆಯ ಆಪಾ, ಓಣಿಯ ತುದಿಯಲ್ಲಿರುವ ಟೇಲರನ ಹೆಂಡತಿ. ಜೋಳ ಒಂದೇ ಗಿರಣಿಯಲ್ಲಿ ಬೀಸಿಸಿ ಹಿಟ್ಟನ್ನು ಮೂರು ಪಾಲು ಮಾಡುತ್ತಾರೆ. ಬೆಳಿಗ್ಗೆ ಮೂರು ಮನೆಯಲ್ಲೂ ರೊಟ್ಟಿ ಬಡಿಯುವ ಸದ್ದು. ಮಧ್ಯಾಹ್ನದ ಹೊತ್ತಿಗೆ ಮೂರು ಮನೆಯ ರೊಟ್ಟಿಗಳೂ ವೈನಿಯ ಪಡಸಾಲೆಯಲ್ಲಿ ಬಿಳಿ ಅರಿವೆಯ ಮೇಲೆ ಒಟ್ಟಾಗುತ್ತವೆ. ಕೊಳ್ಳುವವರಿಗೆ ಎಲ್ಲವೂ ಒಂದೇ. ಈ ಮೂವರಿಗೆ ಮಾತ್ರ ಅಂಚು ನೋಡಿದರೆ ಇದು ಯಾರ ಕೈಯದು ಎಂದು ಗೊತ್ತಾಗುತ್ತದೆ. ಗೊತ್ತಾದದ್ದನ್ನು ಬಾಯಿಬಿಟ್ಟು ಹೇಳುವವಳು ಆಪಾ ಒಬ್ಬಳೇ.

ಹಾವೇರಿಯ ಒಂದು ವಿದ್ಯಾರ್ಥಿನಿಲಯದ ಊಟದ ಗುತ್ತಿಗೆದಾರ ಈ ರೊಟ್ಟಿಯನ್ನು ಯಾವುದೋ ಮದುವೆಯಲ್ಲಿ ತಿಂದು ವೈನಿಗೆ ಫೋನು ಮಾಡಿದ್ದ. ವಾರಕ್ಕೆರಡು ಸಲ ಬೇಕು, ವರ್ಷವಿಡೀ. ಆದರೆ ಪ್ಯಾಕೆಟ್ಟಿನ ಮೇಲೆ ಸರಕಾರದ ನೋಂದಣಿ ನಂಬರು ಇರಬೇಕು, ಅದೂ ಹಾಸ್ಟೆಲು ತೆರೆಯುವುದರೊಳಗೆ. ಇಲ್ಲದಿದ್ದರೆ ಮಷೀನಿನಲ್ಲಿ ರೊಟ್ಟಿ ಮಾಡುವವರು ಇದ್ದೇ ಇದ್ದಾರೆ.

"ದಿನಾ ಮುಂಜಾನೆದ್ದು, ಇವತ್ತ ಯಾರ್ ಬಂದ್ ಕೇಳತಾರೋ ಅಂತ ಬಾಗಲಾ ನೋಡಿ ನೋಡಿ ಸಾಕಾಗೇತಿ ನನಗ," ಎಂದಳು ವೈನಿ. "ಕೇಳದನ ಹೋಗೂವಂಥಾದ್ದು ಒಂದರೆ ಆರ್ಡರ್ ಇರಲಿ. ನಂಬರ್ ತಗಸಿಕೊಡು. ನಿನಗ ಒಂದ್ ರೊಟ್ಟಿ ದುಂಡಗ ಬಡಿಯಾಕ ಬರೂದಿಲ್ಲ, ಅರ್ಜಿ ಅರೆ ನೆಟ್ಟಗ ತುಂಬು."

ನಾನು ಇರುವುದು ಬ್ಯಾಡಗಿಯಲ್ಲಿ, ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಅದು ಮೆಣಸಿನಕಾಯಿಯ ಸುಗ್ಗಿ. ಊರಿಗೆ ಊರೇ ಕೆಮ್ಮುತ್ತಿತ್ತು. ಕೆಮ್ಮುತ್ತಲೇ ಕಂಪ್ಯೂಟರಿನ ಮುಂದೆ ಕುಳಿತು ಅರ್ಜಿ ತೆರೆದೆ. ಯಾವ ಬಗೆಯ ಆಹಾರ ಎಂದು ಕೇಳಿತು. ಉದ್ದನೆಯ ಪಟ್ಟಿ ಬಿಚ್ಚಿಕೊಂಡಿತು. ಅದರಲ್ಲಿ ಕೇಕು ಇತ್ತು, ಐಸ್‌ಕ್ರೀಮಿತ್ತು, ರೊಟ್ಟಿ ಇರಲಿಲ್ಲ. ಬೇಕರಿ ಎಂದು ಒತ್ತಿದೆ. ನಾಲ್ಕು ದಿನಗಳ ಮೇಲೆ ಅರ್ಜಿ ಮರಳಿ ಬಂತು: ಓವನ್ನಿನ ವಿವರ ಕೊಡಿ. ಧಾನ್ಯದ ಉತ್ಪನ್ನ ಎಂದು ಬದಲಿಸಿದೆ. ಮತ್ತೆ ಮರಳಿತು: ಅಡುಗೆಮನೆಯ ಚಿತ್ರ ಸ್ಪಷ್ಟವಾಗಿಲ್ಲ. ಚಿತ್ರ ಸ್ಪಷ್ಟವಾಗಿಯೇ ಇತ್ತು. ಅದರಲ್ಲಿ ಸ್ಪಷ್ಟವಾಗಿ ಕಾಣುತ್ತಿದ್ದವಳು ಇಳಕಲ್ ಸೀರೆ ಉಟ್ಟು ಒಲೆಗೆ ಅಡ್ಡ ನಿಂತ ವೈನಿ.

"ನಿನ್ನ ಫೋಟೋ ಕೇಳಿಲ್ಲ ವೈನಿ, ಅಡಗಿಮನಿದು ಕೇಳ್ಯಾರ."

"ಅಡಗಿಮನ್ಯಾಗ ನಾ ಇಲ್ಲಂದ್ರ ಮತ್ತ್ಯಾರ್ ಇರತಾರ? ನಿಮ್ಮಣ್ಣನೇನು?"

ಸರಿ, ಹೊಸ ಚಿತ್ರ ಹೋಯಿತು. ಮುಂದೆ ಎರಡು ಅಂಕಣಗಳು. ಮಾಲೀಕರ ಹೆಸರು: ವೈನಿಯದನ್ನು ಬರೆದೆ. ಕೆಲಸದವರ ಸಂಖ್ಯೆ: ಎರಡು ಎಂದು ಬರೆದೆ. ಆಗ ನನಗೆ ಏನನ್ನಿಸಿತು ಎಂದು ನೆನಪು ಮಾಡಿಕೊಳ್ಳಲು ಬಹಳ ಸಲ ಯತ್ನಿಸಿದ್ದೇನೆ. ಅಳುಕಿತ್ತು ಎಂದು ಈಗ ಬರೆದರೆ ಚೆಂದ ಕಾಣುತ್ತದೆ. ಏನೂ ಅನ್ನಿಸಿರಲಿಲ್ಲ. ಹತ್ತು ಗಂಟೆಗೆ ತರಗತಿ ಇತ್ತು, ಅಂಕಣ ಖಾಲಿ ಬಿಟ್ಟರೆ ಮುಂದಿನ ಪುಟ ತೆರೆಯುತ್ತಿರಲಿಲ್ಲ, ಅಷ್ಟೇ.

ಪರಿಶೀಲನೆಗೆ ಬರುತ್ತೇವೆ ಎಂದು ಹಾವೇರಿಯ ಕಚೇರಿಯಿಂದ ಫೋನು ಬಂತು. ಆ ಸುದ್ದಿಯನ್ನು ವೈನಿಗೆ ನಾಲ್ಕು ದಿನ ಮೊದಲು ತಿಳಿಸಿದ್ದು ನನ್ನ ಎರಡನೆಯ ತಪ್ಪು. ಸ್ವಚ್ಛ ಇದ್ದರೆ ಸಾಕು ಎಂದಿದ್ದೆ. ಅವಳು ಕನ್ಯೆ ನೋಡಲು ಬೀಗರು ಬರುತ್ತಾರೆ ಎಂಬಂತೆ ಎದ್ದಳು. ರೊಟ್ಟಿ ಬಂದ್. ಅಡುಗೆಮನೆಯ ಸಾಮಾನೆಲ್ಲ ಹೊರಗೆ. ಗೋಡೆಗೆ ತಿಳಿ ಹಸಿರು ಬಣ್ಣ. ಹಿಟ್ಟಿನ ಡಬ್ಬಿಗಳು ಟೇಲರನ ಮನೆಗೆ, ಹಿಟ್ಟು ನಾದುವ ಕೊಣಮಿಗೆ, ಹಂಚು, ಮೊರ, ಜರಡಿ ಎಲ್ಲ ಆಪಾನ ಮನೆಗೆ. ದಿನಾ ರೊಟ್ಟಿ ಒಯ್ಯುವ ಖಾನಾವಳಿಯವನು ಬಂದು ಬಾಗಿಲಲ್ಲಿ ನಿಂತು, "ಏನ್ರಿ ಅಕ್ಕಾರ, ಮದವಿ ಯಾರದೈತ್ರಿ?" ಎಂದು ಕೇಳಿ ರೊಟ್ಟಿ ಸಿಗದೆ ಹೋದ.

ಪರಿಶೀಲನೆಯ ದಿನ ಬೆಳಿಗ್ಗೆ ನಾನು ಬಸ್ಸಿಳಿದು ಬಂದಾಗ ಅಡುಗೆಮನೆಯ ಗುರುತೇ ಸಿಗಲಿಲ್ಲ. ಬಾಡಿಗೆಗೆ ಕೊಡಲು ಖಾಲಿ ಮಾಡಿದ ಕೋಣೆಯಂತಿತ್ತು. ಬಣ್ಣದ ವಾಸನೆ. ಒಲೆಯ ಮೇಲೆ ಒಂದು ಹೊಸ ಹಂಚು, ಕನ್ನಡಿಯಂತೆ ಹೊಳೆಯುತ್ತಿತ್ತು.

"ಹಳೀದೆಲ್ಲೈತಿ?"

"ಆ ಕರೀ ಹಂಚೇನು? ಹೊರಗಿನ ಮಂದಿ ಬರೂ ಮುಂದ ಅದನ್ನ ಇಡ್ಲೇನು? ಮಸಿ ಹಿಡದೈತಿ."

ಅಧಿಕಾರಿ ಬಂದರು. ಮೈಸೂರು ಕಡೆಯ ಹೆಣ್ಣುಮಗಳು, ವಯಸ್ಸು ಮೂವತ್ತರ ಆಚೀಚೆ. ಚಪ್ಪಲಿಯನ್ನು ಅಂಗಳದಲ್ಲೇ ಬಿಟ್ಟರು. ನೀರು ಎಲ್ಲಿಂದ, ಕಸ ಎಲ್ಲಿಗೆ ಎಂದು ಕೇಳಿದರು. ಅಡುಗೆಮನೆಯಲ್ಲಿ ನಿಂತು ಸುತ್ತ ನೋಡಿದರು.

"ಇಲ್ಲಿ ರೊಟ್ಟಿ ಮಾಡ್ತೀರಾ?"

"ಹೌದ್ರಿ. ಹನ್ನೆರಡ ವರ್ಸಾತು."

"ಹಿಟ್ಟಿಲ್ಲ, ಪಾತ್ರೆ ಇಲ್ಲ. ತಪ್ಪು ತಿಳ್ಕೋಬೇಡಿ. ಬೇರೆ ಕಡೆಯಿಂದ ತಂದು ಪ್ಯಾಕ್ ಮಾಡೋಕೇ ನಂಬರ್ ತಗೊಳ್ಳೋರು ಬಹಳ ಜನ. ಒಂದು ರೊಟ್ಟಿ ಮಾಡಿ ತೋರಿಸ್ತೀರಾ?"

ವೈನಿಗೆ ಅದು ಸವಾಲಾಯಿತು. ಬಾಗಿಲಲ್ಲಿ ನಿಂತಿದ್ದ ಟೇಲರನ ಹೆಂಡತಿ ಮನೆಗೆ ಓಡಿ ಹಿಟ್ಟು, ಪಾತ್ರೆ ತಂದಳು. ವೈನಿ ಎಸರಿಟ್ಟು, ನಾದಿ, ಬಡಿದಳು. ಇಷ್ಟು ತೆಳ್ಳಗೆ ಅವಳು ಬಡಿದದ್ದನ್ನು ನಾನು ನೋಡಿರಲಿಲ್ಲ. ಎತ್ತಿ ಹಂಚಿನ ಮೇಲೆ ಹಾಕಿ, ಒದ್ದೆ ಅರಿವೆಯಿಂದ ನೀರು ಸವರಿ, ತಿರುವಲು ಹೋದಳು. ರೊಟ್ಟಿ ಏಳಲಿಲ್ಲ. ಹೊಸ ಕಬ್ಬಿಣದ ಹಂಚು ನಾಲ್ಕು ದಿನ ಎಣ್ಣೆ ಕುಡಿಯದೆ ರೊಟ್ಟಿಯನ್ನು ಬಿಡುವುದಿಲ್ಲ ಎಂದು ನನ್ನಂಥವಳಿಗೂ ಗೊತ್ತು. ಚೂರು ಚೂರಾಗಿ ಕೆರೆದು ತೆಗೆದಳು. ಎರಡನೆಯದೂ ಹಾಗೆಯೇ. ಅಧಿಕಾರಿ ಗಡಿಯಾರ ನೋಡಿಕೊಂಡರು. ವೈನಿಯ ಹಣೆಯಿಂದ ಬೆವರು ಹಿಟ್ಟಿಗೆ ಬೀಳದಿರಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ.

"ಆಪಾ!" ಎಂದು ವೈನಿ ಹಿತ್ತಿಲ ಬಾಗಿಲಿನಿಂದ ಕೂಗಿದಳು. "ಹಂಚ್ ತಗೊಂಬಾ ಲಗೂನ!"

ಆಪಾ ಬಂದಳು. ಕೈಯಲ್ಲಿ ಕರಿ ಹಂಚು, ಇಕ್ಕಳದಲ್ಲಿ ಹಿಡಿದಿದ್ದಳು, ಯಾಕೆಂದರೆ ಅದು ಬಿಸಿ ಇತ್ತು. ಬೆಳಿಗ್ಗೆಯಿಂದ ಅದರ ಮೇಲೆ ಅವಳು ಯಾರದೋ ಮನೆಯ ಸೀಮಂತಕ್ಕೆ ರೊಟ್ಟಿ ಬೇಯಿಸುತ್ತಿದ್ದಳು. ಮೊಣಕೈಯವರೆಗೆ ಹಿಟ್ಟು. ಅಧಿಕಾರಿ ಬಿಸಿ ಹಂಚನ್ನೂ ಹಿಟ್ಟಿನ ಕೈಯನ್ನೂ ನೋಡಿದರು.

"ನೀವೂ ರೊಟ್ಟಿ ಮಾಡ್ತೀರಾ? ಎಲ್ಲಿ?"

"ನಮ್ಮ ಮನ್ಯಾಗ್ರಿ. ಇನ್ನೆಲ್ಲಿ ಮಾಡ್ಲಿ?"

ಅಧಿಕಾರಿ ತಮ್ಮ ಕೈಯಲ್ಲಿದ್ದ ಅರ್ಜಿಯ ಪ್ರತಿಯನ್ನು ತಿರುವಿ ಗಟ್ಟಿಯಾಗಿ ಓದಿದರು. "ಮಾಲೀಕರು ಒಬ್ಬರು. ಕೆಲಸದವರು ಇಬ್ಬರು. ಹಾಗಾದ್ರೆ ಕೆಲಸದವರು ಇವರಾ?"

ಇಲ್ಲಿ ನನ್ನ ನೆನಪಿಗೂ ವೈನಿಯ ನೆನಪಿಗೂ ಹೊಂದುವುದಿಲ್ಲ. ಆಪಾ ಹಂಚನ್ನು ಒಲೆಯ ಮೇಲೆ ಕುಕ್ಕಿದಳು ಎಂದು ವೈನಿ ಹೇಳುತ್ತಾಳೆ. ನನಗೆ ನೆನಪಿರುವಂತೆ ಆಪಾ ಅದನ್ನು ಮೆಲ್ಲಗೆ ಇಟ್ಟಳು, ಇಟ್ಟು, ಇಕ್ಕಳ ಒರೆಸಿಕೊಂಡಳು. ಆದರೆ ಅವಳು ಆಡಿದ ಮಾತಿನ ಬಗ್ಗೆ ನಮ್ಮಿಬ್ಬರಿಗೂ ಸಂಶಯವಿಲ್ಲ.

"ಕೆಲಸದಾಕಿ? ನಾ? ಯಾರ್ ಬರದಾರ ಇದನ್ನ?"

ಯಾರೂ ನನ್ನನ್ನು ತೋರಿಸಲಿಲ್ಲ. ಎಲ್ಲರೂ ನನ್ನನ್ನು ನೋಡಿದರು.

"ಇಕಿಗೆ ಬಡಿಯಾಕ ಕಲಿಸಿದಾಕಿ ನಾನ್ರಿ ಮೇಡಮ್," ಎಂದಳು ಆಪಾ, ಅಧಿಕಾರಿಯತ್ತ ತಿರುಗಿ. "ಮದವ್ಯಾಗಿ ಬಂದಾಗ ಇಕಿ ರೊಟ್ಟಿ ಒಂದೊಂದೂ ಒಂದ್ ಒಂದ್ ದೇಶದ ನಕಾಶೆ ಇರತಿತ್ತು. ಮಾಲಕಂತ, ಮಾಲಕ!"

ಅಧಿಕಾರಿ ನಕ್ಕುಬಿಟ್ಟರು. ಆಮೇಲೆ ಅವರು ಹೇಳಿದ್ದು ನ್ಯಾಯವಾದ ಮಾತೇ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂದದ್ದು. ಯಾವ ಅಡುಗೆಮನೆಯಲ್ಲಿ ತಯಾರಾಗುತ್ತದೋ ಆ ಅಡುಗೆಮನೆಯ ನಂಬರು ಪ್ಯಾಕೆಟ್ಟಿನ ಮೇಲಿರಬೇಕು. ತಿಂದವರಿಗೆ ನಾಳೆ ಏನಾದರೂ ಆದರೆ ಯಾವ ಮನೆಗೆ ಬರಬೇಕು ಎಂದು ತಿಳಿಯಬೇಡವೇ? ಮೂವರೂ ಬೇರೆ ಬೇರೆ ನಂಬರು ತೆಗೆಸಿ, ಇಲ್ಲವೇ ಮೂವರೂ ಒಂದೇ ಕಡೆ ಮಾಡಿ. ಈ ಅರ್ಜಿ ಹೀಗೆ ನಡೆಯುವುದಿಲ್ಲ. ಚಹಾ ಕುಡಿಯದೆ ಹೋದರು.

ಗುತ್ತಿಗೆದಾರನಿಗೆ ನಾನೇ ಫೋನು ಮಾಡಿದೆ. "ಮೂರ್ ನಂಬರ್ ಬ್ಯಾಡ್ರಿ ಬಾಯಾರ," ಎಂದ. "ನನ್ನ ರಜಿಸ್ಟರದಾಗ ಒಂದ ಸಾಲೈತಿ. ಒಂದ ನಂಬರ್, ಒಂದ ಹೆಸರು."

ಅಂದರೆ ಮೂವರೂ ವೈನಿಯ ಹಸಿರು ಅಡುಗೆಮನೆಯಲ್ಲಿ ಕೂಡಬೇಕು. ಟೇಲರನ ಹೆಂಡತಿ ಒಪ್ಪಿದಳು. ಅವಳ ಮನೆ ಬಹಳ ಇಕ್ಕಟ್ಟು. ಆಪಾ ಒಪ್ಪಲಿಲ್ಲ. ನಾನು ಎರಡು ಭಾನುವಾರ ಅವಳ ಹಿತ್ತಿಲ ಕಟ್ಟೆಯ ಮೇಲೆ ಕುಳಿತು, ಅದು ಬರೀ ಕಾಗದದ ಮೇಲಿನ ಮಾತು, ಅಂಕಣ ತುಂಬಲೇಬೇಕು, ಅರ್ಥ ಏನೂ ಇಲ್ಲ ಎಂದು ಹೇಳಿ ನೋಡಿದೆ.

"ಅರ್ಥ ಇಲ್ಲದ್ದನ್ನ ಯಾಕ ಬರದಿ?" ಎಂದಳು. ಆಮೇಲೆ ಅವಳೇ ಬಿಡಿಸಿ ಹೇಳಿದಳು. "ನೋಡವಾ. ನನ್ನ ಒಲಿ ಮುಂದ ಕುಂತ್ ಮಾಡಿದ್ರ ನನ್ನ ರೊಟ್ಟಿ. ಆಕಿ ಒಲಿ ಮುಂದ ಕುಂತ್ ಮಾಡಿದ್ರ ಆಕಿ ರೊಟ್ಟಿ, ನನ್ನ ಕೂಲಿ. ಇವತ್ತ ಆಕಿ ಹಂಗ ತಿಳಿಯಾಕಿಲ್ಲ, ಖರೇ. ಓಣ್ಯಾಗಿನ ಮಂದಿ ತಿಳೀತಾರ. ಆಮ್ಯಾಲ ಆಕೀನೂ ತಿಳೀತಾಳ."

ಇದನ್ನು ವೈನಿಗೆ ಹೇಳಲೋ ಬೇಡವೋ ಎಂದು ಯೋಚಿಸುತ್ತ ಗೋಡೆ ದಾಟಿ ಬಂದೆ. ಹೇಳುವ ಅಗತ್ಯವಿರಲಿಲ್ಲ; ವೈನಿ ಗೋಡೆಯ ಈಚೆ ಬಟ್ಟೆ ಒಣಹಾಕುತ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅಷ್ಟರಲ್ಲಿ ಹಾಸ್ಟೆಲು ತೆರೆದಾಗಿತ್ತು, ಗುತ್ತಿಗೆದಾರ ಮಷೀನಿನ ರೊಟ್ಟಿ ತರಿಸಲು ಶುರುಮಾಡಿದ್ದ. ವೈನಿ ಅಂದು ನನಗೆ ಊಟ ಬಡಿಸಿದಳು. ಬಸ್ಸಿನ ಹೊತ್ತಾಯಿತೆಂದು ಎದ್ದಾಗ ಹೇಳಿದಳು:

"ಹೊಸಾ ಅರ್ಜಿ ತುಂಬು. ಆಪಾನ ಅಡಗಿಮನಿ. ಮಾಲಕರು ಅಂತ ಆಕಿ ಹೆಸರ ಬರಿ. ಕೆಲಸದಾರು ಇಬ್ಬರು. ಅದರಾಗ ನಾನೊಬ್ಬಾಕಿ."

"ಆಮ್ಯಾಲ ಓಣ್ಯಾಗಿನ ಮಂದಿ ನಿನಗ ಕೂಲಿಯಾಕಿ ಅಂದರ?"

"ಅನ್ಲಿ. ನನ್ನ ಗೋಡಿಗೆ ಬಣ್ಣಾದರೂ ಬಂತಲ್ಲ."

ಮತ್ತೆ ಮೊದಲಿನಿಂದ. ಪಟ್ಟಿಯಲ್ಲಿ ಕೇಕು, ಐಸ್‌ಕ್ರೀಮು. ಆಧಾರಿನಲ್ಲಿ ಆಪಾನ ಮೊಬೈಲು ನಂಬರೆಂದು ಇದ್ದದ್ದು ಹುಬ್ಬಳ್ಳಿಯಲ್ಲಿರುವ ಅವಳ ಮಗನದು. ಓಟಿಪಿ ಅವನಿಗೆ ಹೋಗುತ್ತಿತ್ತು, ಅವನು ಕೆಲಸ ಬಿಟ್ಟು ಅದನ್ನು ಓದಿ ಹೇಳುವಷ್ಟರಲ್ಲಿ ಅವಧಿ ಮುಗಿಯುತ್ತಿತ್ತು. ಆರನೆಯ ಸಲಕ್ಕೆ ಅವನು, "ಅಕ್ಕಾರ, ನೀವೇನ್ ಲೋನ್ ತಗೊಳ್ಳಾಕತ್ತೀರೇನ್ರಿ ನಮ್ಮವ್ವನ ಹೆಸರ್ ಮ್ಯಾಲ?" ಎಂದು ಕೇಳಿದ. ಅದೇ ಅಧಿಕಾರಿ ಮತ್ತೆ ಬಂದರು. ಆಪಾ ಏನನ್ನೂ ತೆಗೆದಿಟ್ಟಿರಲಿಲ್ಲ. ಅವರನ್ನು ಕೆಳಗೆ ಕೂರಿಸಿ, ಸೊಂಟಕ್ಕೆ ಸೆರಗು ಸಿಕ್ಕಿಸಿ ರೊಟ್ಟಿ ಬಡಿದಳು. ಹೊಗೆ ಹೋಗಲು ಕಿಂಡಿ ದೊಡ್ಡದು ಮಾಡಿ, ಹಿಟ್ಟಿನ ಡಬ್ಬಿಗೆ ಮುಚ್ಚಳ ಬಿಗಿಯಾಗಿರಲಿ ಎಂದು ಅವರು ಬರೆದುಕೊಟ್ಟರು. ಎರಡೂ ಆದವು. ನಂಬರು ಬಂತು.

ನಾನೂ ವೈನಿಯೂ ಆ ಕಾಗದ ಹಿಡಿದು ಹಾವೇರಿಗೆ ಹೋದೆವು. ಗುತ್ತಿಗೆದಾರ ಮುಖ ಗಂಟಿಕ್ಕಿಕೊಂಡೇ ನೋಡಿದ. ಮಷೀನಿನವರಿಗೆ ವರ್ಷದ ಮಾತು ಕೊಟ್ಟಿದ್ದೇನೆ ಎಂದ. ವಾರಕ್ಕೆರಡು ಸಲ ಆಗುವುದಿಲ್ಲ, ಸೋಮವಾರ ಒಂದು ದಿನ ಬೇಕಾದರೆ ತನ್ನಿ ಎಂದ. ಅರ್ಧ ಆರ್ಡರು. ನಾನು ವಾದಿಸಲು ಬಾಯಿ ತೆರೆಯುವಷ್ಟರಲ್ಲಿ ವೈನಿ, "ಆತ್ರಿ, ಸೋಮವಾರ ತರ್ತೀವಿ," ಎಂದು ಎದ್ದುಬಿಟ್ಟಳು.

ಇದು ಇಲ್ಲಿಗೆ ಮುಗಿದಿದ್ದರೆ ಹೇಳುವುದಕ್ಕೆ ಚೆಂದವಿತ್ತು. ಈಗ ವೈನಿ ಬೆಳಿಗ್ಗೆ ಆಪಾನ ಅಡುಗೆಮನೆಗೆ ಹೋಗುತ್ತಾಳೆ, ಮಧ್ಯಾಹ್ನ ಮನೆಗೆ ಬಂದು ನನಗೆ ಫೋನು ಮಾಡುತ್ತಾಳೆ. ದಿನಾ. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಅವಳ ದನಿಯ ಪರಿಚಯವಾಗಿದೆ. ಹೋದ ಭಾನುವಾರ ನಾನು ಉಣ್ಣಲು ಕುಳಿತಾಗಲೂ ಬಂತು.

"ನನ್ನ ರೊಟ್ಟಿ ಅಂಚ್ ದಪ್ಪಾತಂತ. ಟೇಲರನ ಹೇಂತಿ ಮುಂದ ಅಂದ್ಲು ಆಪಾ! ನನ್ನ ಕೈ ಹಿಡದು ತೋರಸ್ತಾಳ, ನನಗ! ಹನ್ನೆರಡ ವರ್ಸ ಮಾಡೀನಿ, ಇನ್ನ ಕೈ ಹಿಡಸಿಕೋಬೇಕೇನು?"

"ದಪ್ಪಿತ್ತೇನು?"

"ಒಂಚೂರು."

"ಸಾಕಾಗಿದ್ರ ಬಿಟ್ಟುಬಿಡು ವೈನಿ. ನಿನಗಂತ ಬ್ಯಾರೆ ನಂಬರ್ ತಗಸೋಣು. ನಾನ ತುಂಬತೀನಿ."

ಆ ಕಡೆ ಗೋಡೆಯಾಚೆಯಿಂದ ಆಪಾ ಕೂಗಿದ್ದು ಫೋನಿನಲ್ಲೇ ಕೇಳಿಸಿತು.

"ನೀ ಏನೂ ತುಂಬಬ್ಯಾಡ ನಮ್ಮವ್ವಾ," ಎಂದಳು. "ನಾಳಿ ಸೋಮವಾರೈತಿ. ಹಿಟ್ಟ್ ಜರಡಿ ಹಿಡೀಬೇಕು, ಆಕಿ ಕರ್ಯಾಕತ್ತಾಳ." ಫೋನು ಇಟ್ಟಳು.